ಹೆನ್ಲಿ ಬೀದಿಯ ಮರದ ಮನೆ

ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ಷೇಕ್ಸ್‌ಪಿಯರನ ಜನ್ಮಗೃಹವೆಂದು ಪ್ರಸಿದ್ಧವಾಗಿರುವ ಮನೆಯನ್ನು ಹದಿನಾರನೆಯ ಶತಮಾನದ ಯಥಾರೂಪದ ಉಳಿಕೆಯೆಂದು ಭಾವಿಸುವವರುಂಟು. ಇದನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ಓಕ್ ಮರದ ಕಂಬತೊಲೆಗಳನ್ನು ಬೆಣೆ ಬಡಿದು ಬಿಗಿದ ಚೌಕಟ್ಟೇ ಈ ಮನೆಯ ಆಧಾರ; ನಡುವಣ ತೆರಪುಗಳಲ್ಲಿರುವುದು ಮಣ್ಣು ಮೆತ್ತಿದ ತಟ್ಟಿ. ಮಾಡಿನ ಭಾರವನ್ನು ಹೊರುವುದು ಚೌಕಟ್ಟೇ ಹೊರತು ಗೋಡೆಯಲ್ಲ. ಆದಕಾರಣ ಗೋಡೆಯನ್ನು ಕಿತ್ತು ಬದಲಿಸಿದರೂ ಮನೆ ನಿಲ್ಲುತ್ತದೆ. ಮುಂದಿನ ತಲೆಮಾರುಗಳು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡವು. 1601ರಲ್ಲಿ ಕವಿಯ ತಂದೆ ತೀರಿಕೊಂಡ ಬಳಿಕ ಪೂರ್ವಭಾಗವು ಪಾನಗೃಹವಾಯಿತು. ಕಾಲಾಂತರದಲ್ಲಿ ಇನ್ನೊಂದು ಭಾಗದಲ್ಲಿ ಮಾಂಸದ ಅಂಗಡಿ ನಡೆಯಿತು. ಮಾಡಿನ ಕಿಟಕಿಗಳು ಮರೆಯಾದವು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪಾನಗೃಹದ ಮುಂಗಡೆ ಇಟ್ಟಿಗೆಯ ಹೊದಿಕೆ ಹೊದ್ದಿತು.

1847ರ ಹರಾಜಿನಲ್ಲಿ ಸಾರ್ವಜನಿಕರ ವಂತಿಗೆಯಿಂದ ಮನೆಯನ್ನು 3000 ಪೌಂಡುಗಳಿಗೆ ಕೊಳ್ಳಲಾಯಿತು. ಅದರ ರಕ್ಷಣೆಗೆಂದು 1856ರಲ್ಲಿ 2500 ಪೌಂಡುಗಳನ್ನಿತ್ತವನು ಹಿಂದೂಸ್ತಾನೀ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ ಜಾನ್ ಷೇಕ್ಸ್‌ಪಿಯರ್ ಎಂಬುದು ಭಾರತೀಯ ಓದುಗರಿಗೆ ಕುತೂಹಲದ ಸಂಗತಿ. ಮರುವರ್ಷ ಜೀರ್ಣೋದ್ಧಾರ ಮೊದಲಾಯಿತು. ಬೆಂಕಿಯ ಭಯದಿಂದ ಇಕ್ಕೆಲದ ಮನೆಗಳನ್ನು ಕೆಡವಿ, ಇಟ್ಟಿಗೆಯನ್ನು ತೆಗೆದು, 1769ರ ಚಿತ್ರವೊಂದನ್ನು ಅನುಸರಿಸಿ ಮಾಡಿನ ಕಿಟಕಿಗಳನ್ನು ಮತ್ತೆ ಕಟ್ಟಿದರು.

ಆ ಚಿತ್ರವಾದರೋ ಕವಿಯ ಜನನಕ್ಕಿಂತ 205 ವರ್ಷ ಈಚಿನದು. ಅದು 1769ರ ರೂಪಕ್ಕೆ ಸಾಕ್ಷಿಯೇ ಹೊರತು 1564ರ ರೂಪಕ್ಕಲ್ಲ. ನೆರೆಮನೆಗಳ ನಾಶವು ನಮ್ಮ ಮತದಲ್ಲಿ ಇದಕ್ಕಿಂತಲೂ ದೊಡ್ಡ ಬದಲಾವಣೆ. ಸಾಲಿನಲ್ಲಿ ಒತ್ತಾಗಿ ನಿಂತಿದ್ದ ಕೈಚೀಲ ಹೊಲಿಯುವವನ ಮನೆ ಈಗ ತೋಟದ ನಡುವಣ ಒಂಟಿ ಮನೆಯಾಗಿ ತೋರುತ್ತದೆ.