ಪ್ಯಾಡ್ಲಿಂಗ್: ಹುಟ್ಟು ಹಾಕುವುದೋ, ಏಟು ಹಾಕುವುದೋ?

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಕ್ಯಾಸ್‌ವಿಲ್ ಅಂತ ಒಂದು ಪುಟ್ಟ ಊರು. ಅಲ್ಲಿನ ಶಾಲೆಗಳು 2001ರಲ್ಲಿ ಕೈಬಿಟ್ಟಿದ್ದ ಪ್ಯಾಡ್ಲಿಂಗ್ ಅನ್ನು 2022ರಲ್ಲಿ ಮತ್ತೆ ಶುರು ಮಾಡಿದವು. ಅಪ್ಪ ಅಮ್ಮ ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ. ಈ ಸುದ್ದಿಯನ್ನು ಇಂಗ್ಲೆಂಡಿನ ಯಾವುದಾದರೂ ಅಜ್ಜಿಗೆ ಹೇಳಿ ನೋಡಿ, ಮಕ್ಕಳು ಕಾಲುಚೀಲ ಬಿಚ್ಚಿ, ಚಡ್ಡಿ ಮೇಲೆತ್ತಿಕೊಂಡು ಸಮುದ್ರದ ದಡದಲ್ಲಿ ನೀರಾಡುವ ಚಿತ್ರ ಅವರ ಕಣ್ಣಮುಂದೆ ಬರುತ್ತೆ. ನಮ್ಮ ಹುಡುಗರಿಗೆ ಹೇಳಿದರೆ ದೋಣಿ ನೆನಪಾಗುತ್ತೆ, ಕ್ರಿಕೆಟ್ ಹುಚ್ಚಿದ್ದವರಿಗೆ ಪ್ಯಾಡಲ್ ಸ್ವೀಪ್. ಆದರೆ ಕ್ಯಾಸ್‌ವಿಲ್ಲಿನ ಪ್ಯಾಡ್ಲಿಂಗ್ ಅಂದರೆ ಮರದ ಹಲಗೆಯಿಂದ ಮಗುವಿನ ಅಂಡಿನ ಮೇಲೆ ಬಾರಿಸುವುದು. ಅಷ್ಟೇ.

ಒಂದೇ ಪದಕ್ಕೆ ನೀರಾಟವೂ ಅರ್ಥ, ಬಡಿತವೂ ಅರ್ಥ! ಇದು ಹೇಗಾಯ್ತು ಅಂತ ಕೆದಕುತ್ತಾ ಹೋದೆ. (ಸೈಕಲ್ಲಿನ ಪೆಡಲ್, ಪೇಪರಿನವರ ಡ್ರಗ್ ಪೆಡ್ಲರ್ ಇವೆಲ್ಲಾ ಬೇರೆಯೇ ಪದಗಳು. ಕೆರೆಯಲ್ಲಿ ನಾವು ಕಾಲಿಂದ ತುಳಿಯುತ್ತೀವಲ್ಲ, ಅದು ಪೆಡಲ್ ಬೋಟು, ಪ್ಯಾಡಲ್ ಅಲ್ಲ. ನಮ್ಮ ಕಸುಬಿನಲ್ಲಿ ಪ್ಯಾಡಿಂಗ್ ಅನ್ನೋದು ಇನ್ನೊಂದಿದೆ, ಅದರ ಗೋಳು ಇಲ್ಲಿ ಬೇಡ :-) )

ನೀರಲ್ಲಿ ಕಾಲಾಡಿಸುವ ಪ್ಯಾಡಲ್ 16ನೇ ಶತಮಾನದ ಕ್ರಿಯಾಪದ. ಪುಟ್ಟ ಹೆಜ್ಜೆ ಇಡುವುದು, ತುಳಿದಾಡುವುದು ಅನ್ನೋ ಅರ್ಥದ ಜರ್ಮನ್ ಕಡೆಯ ಪದಗಳಿಗೆ ಬಹುಶಃ ನಂಟು. ಕೈಯಲ್ಲಿ ಹಿಡಿಯುವ ಪ್ಯಾಡಲ್‌ನ ಮನೆತನವೇ ಬೇರೆ. 1400ರ ಸುಮಾರಿಗೆ ಅದು ಒಂದು ಸಣ್ಣ ಸನಿಕೆ. 1620ರ ದಶಕದ ಹೊತ್ತಿಗೆ ದೋಣಿಯ ಹುಟ್ಟು ಆಯಿತು. ಆಮೇಲೆ 1828ರಲ್ಲಿ ಅಮೆರಿಕದ ಇಂಗ್ಲೀಷಿನಲ್ಲಿ ಹೊಸ ಅರ್ಥ ದಾಖಲಾಗುತ್ತೆ, ಬಡಿಯುವ ಹಲಗೆ. ಬಟ್ಟೆ ಬಡಿಯುವುದಕ್ಕೂ ಅದೇ, ಗುಲಾಮರನ್ನು ಬಡಿಯುವುದಕ್ಕೂ ಅದೇ, ಶಾಲೆ ಹುಡುಗರನ್ನು ಬಡಿಯುವುದಕ್ಕೂ ಅದೇ. 1856ರಷ್ಟೊತ್ತಿಗೆ ಅದರಿಂದ ಹೊಡೆಯುವುದಕ್ಕೇ ಪ್ಯಾಡಲ್ ಮಾಡುವುದು ಅನ್ನುವಂತಾಯಿತು.

ಇಲ್ಲಿ ನಮ್ಮ ಕನ್ನಡದ 'ಹುಟ್ಟು' ಸ್ವಲ್ಪ ನೋಡಿ. ಜನ್ಮ ಅನ್ನೋ ಹುಟ್ಟು ಅಲ್ಲ, ಹರಿಗೋಲಿನವನ ಕೈಲಿರೋ ಹುಟ್ಟು. ನಿಘಂಟು ತೆಗೆದರೆ ಅದಕ್ಕೆ ಎರಡು ಅರ್ಥ ಸಿಗುತ್ತವೆ: ದೋಣಿ ನಡೆಸುವ ಹಲಗೆ, ಮರದ ಸೌಟು. ತಮಿಳಿನ ತುಡುಪ್ಪು ಕೂಡ ಹೀಗೇ, ನದಿಯಲ್ಲೂ ಅದೇ, ಒಲೆಯ ಮುಂದೂ ಅದೇ. ಉದ್ದ ಹಿಡಿ, ತುದಿಯಲ್ಲಿ ಅಗಲ. ಹೊಳೆ ಕಲಕಿದರೇನು, ಸಾರು ಕಲಕಿದರೇನು, ಕೆಲಸ ಒಂದೇ ಅಂದುಕೊಂಡ ನಮ್ಮ ಹಿರಿಯರ ಕಣ್ಣು ಎಷ್ಟು ಚುರುಕು ನೋಡಿ! ಯಾರಾದರೂ ಸಂಘವೊಂದನ್ನು 'ಹುಟ್ಟುಹಾಕಿದರು' ಅಂತ ಓದಿದಾಗಲೆಲ್ಲ ನನಗೆ ಅವರು ತುಂಗಭದ್ರೆಯಲ್ಲಿ ಹರಿಗೋಲು ನಡೆಸುತ್ತಿರುವಂತೆ ಕಾಣುತ್ತೆ. ಇರಲಿ.

ಈ ಹುಟ್ಟು-ಸೌಟಿನ ಜೋಡಿ ನನಗೆ ಮತ್ತೆ ಎದುರಾದದ್ದು ಸ್ವಲ್ಪವೂ ನಿರೀಕ್ಷೆ ಇಲ್ಲದ ಜಾಗದಲ್ಲಿ. ಸಾಲೊಮನ್ ನಾರ್ಥಪ್ ಬರೆದ 'ಟ್ವೆಲ್ವ್ ಇಯರ್ಸ್ ಎ ಸ್ಲೇವ್' ಪುಸ್ತಕದಲ್ಲಿ. (2013ರ ಸಿನಿಮಾ ನೋಡಿರುತ್ತೀರಿ, ಪುಸ್ತಕ 1853ರದ್ದು.) ನಾರ್ಥಪ್ ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕಪ್ಪು ಮನುಷ್ಯ, ಪಿಟೀಲು ನುಡಿಸುತ್ತಿದ್ದವನು. 1841ರಲ್ಲಿ ಅವನನ್ನು ಮೋಸದಿಂದ ವಾಷಿಂಗ್ಟನ್‌ಗೆ ಕರೆದೊಯ್ದು ಗುಲಾಮರ ವ್ಯಾಪಾರಿಗೆ ಮಾರಿಬಿಡುತ್ತಾರೆ. ಅಮೆರಿಕದ ಸಂಸತ್ ಭವನ ಕಣ್ಣಿಗೆ ಕಾಣುವಷ್ಟು ಹತ್ತಿರದ ಒಂದು ದೊಡ್ಡಿಯಲ್ಲಿ ಕೂಡುತ್ತಾರೆ. ನಾನು ಗುಲಾಮನಲ್ಲ ಅಂದದ್ದಕ್ಕೆ ಅವನಿಗೆ ಬಿದ್ದದ್ದು ಪ್ಯಾಡಲ್ ಏಟು. ಆ ಪ್ಯಾಡಲ್ ಹೇಗಿತ್ತು ಅಂತ ನಾರ್ಥಪ್ ವಿವರಿಸುತ್ತಾನೆ: 18-20 ಇಂಚು ಉದ್ದದ ಗಟ್ಟಿ ಮರ, ಆಕಾರ ಹಳೇ ಕಾಲದ ಅಡುಗೆ ಸೌಟಿನ ಹಾಗೆ ಅಥವಾ ದೋಣಿಯ ಹುಟ್ಟಿನ ಹಾಗೆ, ಅಗಲವಾದ ಭಾಗದಲ್ಲಿ ಅಲ್ಲಲ್ಲಿ ಕೊರೆದ ತೂತು. ಸೌಟು, ಹುಟ್ಟು! ನಮ್ಮ ನಿಘಂಟಿನ ಎರಡೂ ಅರ್ಥ ಒಂದೇ ವಾಕ್ಯದಲ್ಲಿ, ಮೂರನೆಯದೊಂದರ ಜೊತೆ. ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹಲಗೆ ಮುರಿದು ಹಿಡಿ ಮಾತ್ರ ಕೈಲಿ ಉಳಿಯುವವರೆಗೂ ಹೊಡೆದರಂತೆ. ಆಮೇಲೆ ಹಗ್ಗ ತಗೊಂಡರಂತೆ.

ಚಾಟಿ ಇರುವಾಗ ಹಲಗೆ ಯಾಕೆ? ಇದಕ್ಕೆ ಉತ್ತರ ವ್ಯಾಪಾರ. ಚಾಟಿ ಚರ್ಮ ಸೀಳುತ್ತೆ, ಕಲೆ ಉಳಿಯುತ್ತೆ. ಬೆನ್ನ ಮೇಲೆ ಕಲೆ ಇದ್ದರೆ ಕೊಳ್ಳುವವನು ಇವನು ತಿರುಗಿಬೀಳುವ ಆಸಾಮಿ ಅಂತ ರೇಟು ಇಳಿಸುತ್ತಾನೆ. ಹಲಗೆಯಾದರೆ ನೋವು ಬೇಕಾದಷ್ಟು, ಉಳಿಯುವ ಗುರುತು ಕಡಿಮೆ. ಅಂದರೆ ಪ್ಯಾಡಲ್ ದಯೆಯಿಂದ ಬಂದದ್ದಲ್ಲ, ಲೆಕ್ಕಾಚಾರದಿಂದ ಬಂದದ್ದು.

ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಹೋಯ್ತು. ಹಲಗೆ ಹೋಗಲಿಲ್ಲ. 1867ರಲ್ಲಿ ನ್ಯೂಜೆರ್ಸಿ ಶಾಲೆಗಳಲ್ಲಿ ಹೊಡೆಯುವುದನ್ನು ನಿಷೇಧಿಸಿತು. ಎರಡನೇ ರಾಜ್ಯ ಮೆಸಾಚುಸೆಟ್ಸ್, ಅದು ಯಾವಾಗ ಗೊತ್ತಾ? 1971ರಲ್ಲಿ! ನಡುವೆ ನೂರು ವರ್ಷಕ್ಕೂ ಮೇಲೆ.

ಅದರ ಹಿಂದಿನ ವರ್ಷ, 1970ರಲ್ಲಿ, ಫ್ಲಾರಿಡಾದ ಒಂದು ಶಾಲೆಯಲ್ಲಿ 14 ವರ್ಷದ ಹುಡುಗನೊಬ್ಬ ಟೀಚರ್ ಹೇಳಿದ್ದಕ್ಕೆ ತಡವಾಗಿ ಓಗೊಟ್ಟ. ಪ್ರಿನ್ಸಿಪಾಲರ ಕೋಣೆಯಲ್ಲಿ ಮೇಜಿನ ಮೇಲೆ ಬಗ್ಗಿಸಿ ಹಿಡಿದು ಅವನಿಗೆ 20ಕ್ಕೂ ಹೆಚ್ಚು ಏಟು. ರಕ್ತ ಹೆಪ್ಪುಗಟ್ಟಿ ಡಾಕ್ಟರ ಹತ್ತಿರ ಹೋಗಬೇಕಾಯ್ತು, ಎಷ್ಟೋ ದಿನ ಶಾಲೆಗೆ ಬರಲಾಗಲಿಲ್ಲ. ಅಲ್ಲಿ ಬಳಸುತ್ತಿದ್ದ ಪ್ಯಾಡಲ್ಲಿನ ಅಳತೆ ಕೋರ್ಟಿನ ಕಡತದಲ್ಲೇ ಇದೆ: ಎರಡು ಅಡಿಗಿಂತ ಕಡಿಮೆ ಉದ್ದ, 3-4 ಇಂಚು ಅಗಲ, ಅರ್ಧ ಇಂಚು ದಪ್ಪ. ನಾರ್ಥಪ್ ಹೇಳಿದ ಉದ್ದವನ್ನು ನೆನಪಿಸಿಕೊಳ್ಳಿ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, ಇಂಗ್ರಹಾಂ ವಿರುದ್ಧ ರೈಟ್, 1977. ಐದು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ. ಕ್ರೂರ ಶಿಕ್ಷೆ ಕೂಡದು ಅನ್ನುವ ಸಂವಿಧಾನದ 8ನೇ ತಿದ್ದುಪಡಿ ಇರುವುದು ಅಪರಾಧಿಗಳಿಗೆ, ಶಾಲೆ ಮಕ್ಕಳಿಗೆ ಅದು ಅನ್ವಯಿಸಲ್ಲ ಅಂತ ಐವರು ಹೇಳಿದರು. ಅರ್ಕಾನ್ಸಾ ಜೈಲುಗಳಲ್ಲಿ ಕೈದಿಗಳಿಗೆ ಪಟ್ಟಿಯಿಂದ ಹೊಡೆಯುವುದು ಸಂವಿಧಾನಕ್ಕೆ ವಿರುದ್ಧ ಅಂತ ಫೆಡರಲ್ ಮೇಲ್ಮನವಿ ಕೋರ್ಟೊಂದು 1968ರಲ್ಲೇ ತೀರ್ಪು ಕೊಟ್ಟಾಗಿತ್ತು! ಕೊಲೆ ಮಾಡಿದವನಿಗೆ ಇರುವ ರಕ್ಷಣೆ ಹೋಂವರ್ಕ್ ಮಾಡದವನಿಗಿಲ್ಲ. ಈ ತರ್ಕ ನನ್ನ ತಲೆಗೆ ಎಷ್ಟು ಸಲ ಓದಿದರೂ ಇಳಿಯಲ್ಲ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬೈರನ್ ವೈಟ್ ಅವರಿಗೂ ಇಳಿಯಲಿಲ್ಲ.

ಆ ತೀರ್ಪು ಇವತ್ತಿಗೂ ನಿಂತಿದೆ. ಹದಿನೈದಕ್ಕೂ ಹೆಚ್ಚು ರಾಜ್ಯಗಳಲ್ಲಿ ಸರ್ಕಾರಿ ಶಾಲೆಗಳು ಮಕ್ಕಳಿಗೆ ಹೊಡೆಯಬಹುದು, ಬಹುಪಾಲು ದಕ್ಷಿಣದ ರಾಜ್ಯಗಳು. 2017-18ರ ಸರ್ಕಾರಿ ಲೆಕ್ಕದಲ್ಲಿ ಹಾಗೆ ಏಟು ತಿಂದ ಮಕ್ಕಳು ಸುಮಾರು 70 ಸಾವಿರ. ಅದರಲ್ಲಿ ಕಪ್ಪು ಮಕ್ಕಳ ಪಾಲು ಅವರ ಸಂಖ್ಯೆಗೆ ಮೀರಿದ್ದು. ಒಂದೊಂದು ಏಟಿಗೆ ಅಲ್ಲಿ 'ಲಿಕ್' ಅಂತಾರೆ. ಲಿಕ್ ಅಂದರೆ ನೆಕ್ಕುವುದು ಕೂಡ. ಐಸ್‌ಕ್ರೀಮಿಗೂ ಅದೇ ಮಾತು. ಪ್ಯಾಡ್ಲಿಂಗ್, ಲಿಕ್... ಹೊಡೆತ ಅನ್ನೋ ಪದ ಎಲ್ಲೂ ಬಾಯಿಗೆ ಬರೋ ಹಾಗೇ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಅಪ್ಪನ ಕೈ ಸ್ವಲ್ಪ ಕಡಿಮೆ ನಡುಗಲಿ ಅಂತಲೋ ಏನೋ.

ಹಾಗಂತ ನಾವು ಬೀಗುವ ಹಾಗಿಲ್ಲ ಮಾರಾಯ್ರೆ. ನಮ್ಮ ಮೇಷ್ಟ್ರುಗಳು ಹೊಡೆಯುತ್ತಲೇ ಇರಲಿಲ್ಲ, 'ಬೆತ್ತದ ರುಚಿ ತೋರಿಸುತ್ತಿದ್ದರು'. ಬೆನ್ನಿಗೆ 'ಕಜ್ಜಾಯ' ಕೊಡುತ್ತಿದ್ದರು. ಇನ್ನೂ ಕೋಪ ಬಂದರೆ 'ಪೂಜೆ'. ತಿಂಡಿ, ದೇವರು ಎರಡನ್ನೂ ಬಿಟ್ಟಿಲ್ಲ. ಕೂಲಿಮಠದ ಕಾಲದಲ್ಲಿ ಹುಡುಗನ ಕೈ ಕಟ್ಟಿ ತೊಲೆಯ ಹಗ್ಗಕ್ಕೆ ನೇತುಹಾಕುವ ಶಿಕ್ಷೆಗೆ ಇದ್ದ ಹೆಸರು ಕೋದಂಡ, ಶ್ರೀರಾಮನ ಬಿಲ್ಲಿನ ಹೆಸರು! ಇನ್ನು 'ದಂಡ' ಅಂದರೆ ಕೋಲೂ ಹೌದು, ಶಿಕ್ಷೆಯೂ ಹೌದು, ಟ್ರಾಫಿಕ್ ಪೊಲೀಸರಿಗೆ ಕಟ್ಟೋದೂ ಹೌದು. ಅಂದರೆ ಕೋಲಿನ ಹೆಸರು ಶಿಕ್ಷೆಯ ಹೆಸರಾಗೋ ಕೆಲಸ ನಮ್ಮಲ್ಲಿ ಅಮೆರಿಕ ಹುಟ್ಟೋ ಮೊದಲೇ ಮುಗಿದಿತ್ತು. ನಮ್ಮ 'ಹುಟ್ಟು' ಮಾತ್ರ ಹೇಗೋ ಬಚಾವಾಗಿ ಹೊಳೆ ಮತ್ತು ಅಡುಗೆಮನೆಯಲ್ಲೇ ಉಳಿದುಕೊಂಡಿತು.

ನಮ್ಮ ಕೋರ್ಟುಗಳು ಕೊಡುತ್ತಿದ್ದ ಛಡಿ ಏಟಿನ ಶಿಕ್ಷೆ ರದ್ದಾದದ್ದು 1955ರಲ್ಲಿ. ಶಾಲೆಯ ಮಕ್ಕಳು ಇನ್ನೂ ಐವತ್ತು ವರ್ಷಕ್ಕೂ ಹೆಚ್ಚು ಕಾಯಬೇಕಾಯ್ತು. 2009ರಲ್ಲಿ ಆಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ನಿನಲ್ಲಿ ಬೆತ್ತ ಇಲ್ಲ, ಛಡಿ ಇಲ್ಲ, ಕಜ್ಜಾಯವಂತೂ ಇಲ್ಲವೇ ಇಲ್ಲ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ, ಇವೆರಡೂ ಕೂಡದು ಅಂತ ನೇರವಾಗಿ ಇದೆ.

ಅಂದ ಹಾಗೆ, ನಿಮ್ಮ ಕಡೆ ಏಟಿಗೆ ಯಾವ ತಿಂಡಿಯ ಹೆಸರಿದೆ? ಕಜ್ಜಾಯ ಬಿಟ್ಟು ಬೇರೆ ಇದ್ದರೆ ತಿಳಿಸಿ.