ಗಾಲ್ವೆಸ್ಟನ್‌ನ ಹಳೆಯ ಪೇಟೆ: ಹಿತ್ತಿಲಿನಿಂದ ಬಂದ ನೀರು

ಕಡಲಿನಿಂದ ಊರನ್ನು ಕಾಯಲು ಗೋಡೆ ಕಟ್ಟಿದರೆ ಸಾಕೆ? ಊರಿನ ನೆಲವನ್ನೇ ಎತ್ತರಿಸಿದರೆ? ಈ ಎರಡನ್ನೂ ಮಾಡಿ ನೋಡಿದ ಪುಟ್ಟ ನಗರವೊಂದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದೆ. ಅದೇ ಗಾಲ್ವೆಸ್ಟನ್. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 53,000. ಕಿರಿದಾದ ಮರಳಿನ ದ್ವೀಪವೊಂದರ ಪೂರ್ವ ಭಾಗದಲ್ಲಿ ಈ ಊರಿದೆ. ದಕ್ಷಿಣಕ್ಕೆ ತೆರೆದ ಕಡಲು. ಉತ್ತರಕ್ಕೆ ದ್ವೀಪಕ್ಕೂ ಮುಖ್ಯ ಭೂಭಾಗಕ್ಕೂ ನಡುವಣ ಗಾಲ್ವೆಸ್ಟನ್ ಕೊಲ್ಲಿ. ಹಡಗುಗಳು ತಂಗಲು ಕೊಲ್ಲಿಯ ಶಾಂತ ನೀರೇ ಅನುಕೂಲ. ಆದ್ದರಿಂದ ಬಂದರೂ ಪೇಟೆಯೂ ಆ ಬದಿಯಲ್ಲೇ ಬೆಳೆದವು. ಪೇಟೆಯ ಮುಖ್ಯ ಬೀದಿಯ ಹೆಸರು ಸ್ಟ್ರ್ಯಾಂಡ್.

ಕಬ್ಬಿಣದ ಮುಖ, ಇಟ್ಟಿಗೆಯ ಮೈ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹತ್ತಿ ರಫ್ತಿನಿಂದ ಗಾಲ್ವೆಸ್ಟನ್ ಶ್ರೀಮಂತವಾಯಿತು. ಸ್ಟ್ರ್ಯಾಂಡ್‌ನಲ್ಲಿ ಬ್ಯಾಂಕು, ಮಳಿಗೆ, ಉಗ್ರಾಣಗಳು ಸಾಲುಗಟ್ಟಿ ನಿಂತವು. ದಪ್ಪನೆಯ ಇಟ್ಟಿಗೆ ಗೋಡೆಗಳು, ಬೀದಿಗೆ ಕಾಣುವ ಮುಖದಲ್ಲಿ ಎರಕದ ಕಬ್ಬಿಣದ ಕಂಬಗಳು. ಈ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ಅಷ್ಟಾಗಿ ತಾಳದು. ಕಂಬದ ಮೇಲೆ ಬೀಳುವುದು ಬಹುಪಾಲು ಒತ್ತಡವೇ. ಹಾಗಾಗಿ ತೆಳ್ಳನೆಯ ಕಂಬಗಳಿಂದಲೇ ಭಾರ ಹೊರಿಸಿ, ನಡುವೆ ಅಗಲವಾದ ಕಿಟಕಿಗಳನ್ನು ಇಡಲು ಸಾಧ್ಯವಾಯಿತು. ಒಂದೇ ಅಚ್ಚಿನಿಂದ ಹಲವು ಕಂಬಗಳನ್ನು ಎರಕ ಹೊಯ್ಯಬಹುದಾಗಿದ್ದುದು ಇನ್ನೊಂದು ಅನುಕೂಲ.

1900ರ ಸೆಪ್ಟೆಂಬರ್ 8

ಅಂದು ಅಪ್ಪಳಿಸಿದ ಚಂಡಮಾರುತ ಕಡಲ ನೀರನ್ನು 15 ಅಡಿಗೂ ಹೆಚ್ಚು ಉಬ್ಬಿಸಿತು. ಊರಿನ ಅತಿ ಎತ್ತರದ ಜಾಗ ಇದ್ದುದು ಸಮುದ್ರ ಮಟ್ಟದಿಂದ 9 ಅಡಿಗಿಂತ ಕಡಿಮೆ! ಸತ್ತವರು 6,000ಕ್ಕೂ ಹೆಚ್ಚು. ನಾಶವಾದ ಮನೆಗಳು ಸುಮಾರು 3,600. ಕಡಲ ಬದಿಯ ಮರದ ಮನೆಗಳು ಮುರಿದು, ಅವುಗಳ ಅವಶೇಷಗಳು ಗುಡ್ಡೆಯಾಗಿ ಅಲೆಗಳಿಗೆ ಅಡ್ಡ ನಿಂತವು. ಅದರ ಹಿಂದಿದ್ದ ಪೇಟೆಯ ಇಟ್ಟಿಗೆ ಕಟ್ಟಡಗಳಲ್ಲಿ ಹೆಚ್ಚಿನವು ಪೆಟ್ಟು ತಿಂದರೂ ಉಳಿದವು.

ಬಳಿಕ ಹೆನ್ರಿ ರಾಬರ್ಟ್, ಆಲ್‌ಫ್ರೆಡ್ ನೋಬಲ್ ಮತ್ತು ಎಚ್. ಸಿ. ರಿಪ್ಲೆ ಎಂಬ ಮೂವರು ಎಂಜಿನಿಯರರು ಯೋಜನೆಯೊಂದನ್ನು ಸೂಚಿಸಿದರು. ಮೊದಲನೆಯದು 17 ಅಡಿ ಎತ್ತರದ ಕಾಂಕ್ರೀಟಿನ ತಡೆಗೋಡೆ. ಕಡಲಿಗೆ ಎದುರಾದ ಅದರ ಮುಖ ಒಳಬಾಗಿರುವುದರಿಂದ ಅಲೆ ಮೇಲಕ್ಕೆ ತಿರುಗಿ ಹಿಂದಕ್ಕೆ ಬೀಳುತ್ತದೆ. ಗೋಡೆಯ ಮೊದಲ ಭಾಗ 1904ರಲ್ಲಿ ಮುಗಿಯಿತು.

ಎರಡನೆಯದು ನೆಲವನ್ನು ಎತ್ತರಿಸುವುದು. 1903ರಿಂದ 1911ರವರೆಗೆ ನಡೆದ ಈ ಕೆಲಸದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಮೇಲೆತ್ತಲಾಯಿತು. ಹೂಳೆತ್ತುವ ಹಡಗುಗಳು ತಂದ ಮರಳನ್ನು ನೀರಿನೊಡನೆ ಬೆರೆಸಿ ಕಟ್ಟಡಗಳ ಕೆಳಗೆ ಪಂಪು ಮಾಡಿದರು. ನೀರು ಬಸಿದು ಹೋಗಿ ಮರಳು ಉಳಿಯಿತು. ಸೇಂಟ್ ಪ್ಯಾಟ್ರಿಕ್ ಚರ್ಚಿನ ತೂಕವೇ 3,000 ಟನ್. ಅದನ್ನು 700 ಸ್ಕ್ರೂ ಜ್ಯಾಕ್‌ಗಳಿಂದ 5 ಅಡಿ ಎತ್ತಿದರು. ಲೆಕ್ಕ ಹಾಕಿ ನೋಡಿ: ಒಂದು ಜ್ಯಾಕಿಗೆ ಸುಮಾರು 4.3 ಟನ್. ತಿರುಪಿನ ಎಳೆಗಳಲ್ಲಿನ ಘರ್ಷಣೆ ಇಲ್ಲಿ ವರವೇ ಸರಿ. ಕೈ ಬಿಟ್ಟರೂ ಭಾರ ಕೆಳಗೆ ಜಾರುವುದಿಲ್ಲ.

ಮತ್ತೊಂದು ಬಾಗಿಲು

1915ರಲ್ಲಿ ಇನ್ನೊಂದು ಭಾರೀ ಚಂಡಮಾರುತ ಬಂದಾಗ ನಗರದಲ್ಲಿ ಸತ್ತವರು ಬೆರಳೆಣಿಕೆಯಷ್ಟು ಮಂದಿ. ಯೋಜನೆ ಗೆದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ಮಳೆನೀರು ಹರಿದು ಹೋಗಲೆಂದು ಹೊಸ ನೆಲವನ್ನು ಗೋಡೆಯಿಂದ ಕೊಲ್ಲಿಯತ್ತ ಇಳಿಜಾರಾಗಿ ಮಾಡಿದ್ದರು. ಇಳಿಜಾರಿನ ಕೆಳ ತುದಿಯಲ್ಲಿದ್ದುದು ಹಳೆಯ ಪೇಟೆ!

2008ರ ಸೆಪ್ಟೆಂಬರ್ 13ರಂದು ಐಕ್ ಚಂಡಮಾರುತ ಬಂದಾಗ ಕಡಲ ಮುಂದೆ ಗೋಡೆ ನಿಂತೇ ಇತ್ತು. ನೀರು ಮಾತ್ರ ಕೊಲ್ಲಿಯನ್ನು ತುಂಬಿ ಹಿಂದಿನಿಂದ ನುಗ್ಗಿತು. ಸ್ಟ್ರ್ಯಾಂಡ್‌ನ ಅಂಗಡಿಗಳಲ್ಲಿ ಆಳೆತ್ತರಕ್ಕೆ ನೀರು ನಿಂತಿತು. ಉಪ್ಪುನೀರಿನ ಹಾನಿ ನೀರು ಇಳಿದೊಡನೆ ಮುಗಿಯುವುದಿಲ್ಲ. ಇಟ್ಟಿಗೆಯ ರಂಧ್ರಗಳಲ್ಲಿ ಉಪ್ಪು ಹರಳುಗಟ್ಟಿ ಅದನ್ನು ಪುಡಿಯಾಗಿಸುತ್ತದೆ. ಕ್ಲೋರೈಡ್ ಅಯಾನುಗಳು ಕಬ್ಬಿಣದ ತುಕ್ಕನ್ನು ಚುರುಕುಗೊಳಿಸುತ್ತವೆ. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಟ್ರಸ್ಟ್ 2009ರಲ್ಲಿ ಈ ಎರಕದ ಕಬ್ಬಿಣದ ಕಟ್ಟಡಗಳನ್ನು ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ ಸೇರಿಸಿತು.

ಸ್ಟ್ರ್ಯಾಂಡ್‌ನ ಸಮೀಪದಲ್ಲೇ ಬಂದರಿನ 21ನೆಯ ಕಟ್ಟೆಯಲ್ಲಿ ಉಬ್ಬರ ಮಾಪಕವೊಂದಿದೆ. ಅದು ತೋರಿಸುವಂತೆ, ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಇಲ್ಲಿ ನೆಲಕ್ಕೆ ಹೋಲಿಸಿದರೆ ನೀರಿನ ಮಟ್ಟ ವರ್ಷಕ್ಕೆ ಸರಾಸರಿ 6 ಮಿಲಿಮೀಟರಿಗೂ ಹೆಚ್ಚು ಏರಿದೆ. ಇದರಲ್ಲಿ ಕಡಲ ಏರಿಕೆಯ ಪಾಲೂ ಇದೆ, ನೆಲದ ಕುಸಿತದ ಪಾಲೂ ಇದೆ.

ಅಮೆರಿಕದ ಸಂಸತ್ತು 2022ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿದ ಕರಾವಳಿ ರಕ್ಷಣಾ ಯೋಜನೆಯಲ್ಲಿ ಗಾಲ್ವೆಸ್ಟನ್ ಸುತ್ತ, ಕೊಲ್ಲಿಯ ಬದಿಯೂ ಸೇರಿದಂತೆ, ತಡೆಯೊಂದನ್ನು ಕಟ್ಟುವ ಪ್ರಸ್ತಾಪವಿದೆ. ಮುಂಬಾಗಿಲಿಗೆ ಅಗುಳಿ ಹಾಕಿದ ನೂರು ವರ್ಷಗಳ ಬಳಿಕ ಹಿಂಬಾಗಿಲಿನ ನೆನಪಾದಂತಾಯಿತು. ನೀರು ಯಾವ ಕಡೆಯಿಂದೆಲ್ಲ ಬರಬಹುದೆಂದು ಮೊದಲು ತಿಳಿ, ಆಮೇಲೆ ಗೋಡೆ ಕಟ್ಟು — ಈ ಹಳೆಯ ಪೇಟೆಯ ಕಟ್ಟಡಗಳು ಕಲಿಸುವ ಪಾಠ ಇದೇ.