ಗ್ಯಾಲಿಯಂ ನೈಟ್ರೈಡ್: ನಿಸ್ತಂತು ಸಂಪರ್ಕದಲ್ಲಿ ಬಳಕೆಯ ಇತಿಹಾಸ

ಗ್ಯಾಲಿಯಂ ಮತ್ತು ಸಾರಜನಕ ಕೂಡಿ ಆದ ಅರೆವಾಹಕ. ಮೊಬೈಲ್ ಟವರುಗಳಲ್ಲಿ ರೇಡಿಯೊ ಸಂಕೇತವನ್ನು ಆಂಟೆನಾಗೆ ಕಳಿಸುವ ಮುನ್ನ ಬಲಗೊಳಿಸುವ ಪವರ್ ಆಂಪ್ಲಿಫೈಯರುಗಳಲ್ಲಿ ಇದರ ಬಳಕೆ ಹೆಚ್ಚು. ಕಾದ ಗ್ಯಾಲಿಯಂ ಮೇಲೆ ಅಮೋನಿಯ ಹಾಯಿಸಿ 1932ರಲ್ಲೇ ಇದರ ಪುಡಿಯನ್ನು ತಯಾರಿಸಿದ್ದರು. ಟ್ರಾನ್ಸಿಸ್ಟರಿಗೆ ತಕ್ಕ ಹರಳು ಸಿಗಲು ಮತ್ತೆ ಅರ್ಧ ಶತಮಾನ ಕಾಯಬೇಕಾಯಿತು.

ಅದನ್ನು ಬೆಳೆಸಿಕೊಟ್ಟವರು ದೂರಸಂಪರ್ಕದವರಲ್ಲ, ನೀಲಿ ಎಲ್‌ಇಡಿಯ ಹಿಂದೆ ಬಿದ್ದಿದ್ದ ಜಪಾನಿನ ಅಕಾಸಾಕಿ ಮತ್ತು ಅಮಾನೊ. 1986ರಲ್ಲಿ ಅವರು ಸಫೈರ್ ಬಿಲ್ಲೆಯ ಮೇಲೆ ಮೊದಲು ಅಲ್ಯೂಮಿನಿಯಂ ನೈಟ್ರೈಡಿನ ತೆಳು ಪದರ ಹಾಸಿ, ಅದರ ಮೇಲೆ ಒಳ್ಳೆಯ ಹರಳನ್ನು ಬೆಳೆಸಿದರು. ಅಮೆರಿಕದಲ್ಲಿ ಆಸಿಫ್ ಖಾನ್ ಮತ್ತು ಸಂಗಡಿಗರು 1993ರಲ್ಲಿ ಇದರಿಂದ ಹೆಮ್ಟ್ ಬಗೆಯ, ಅಂದರೆ ಎರಡು ಪದರಗಳ ಗಡಿಯಲ್ಲಿ ಎಲೆಕ್ಟ್ರಾನುಗಳು ಸಲೀಸಾಗಿ ಹರಿಯುವ, ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. ಈ ಬಗೆಯ ಟ್ರಾನ್ಸಿಸ್ಟರನ್ನು ಫುಜಿತ್ಸುವಿನ ತಕಾಶಿ ಮಿಮುರಾ 1980ರಲ್ಲೇ ಗ್ಯಾಲಿಯಂ ಆರ್ಸೆನೈಡಿನಲ್ಲಿ ರೂಪಿಸಿದ್ದರು.

ಮುಂದಿನ ತೊಡಕು ವಿಚಿತ್ರವಾಗಿತ್ತು. ಏಕಮುಖ ವಿದ್ಯುತ್ತಿನಲ್ಲಿ ಅಳೆದಾಗ ಧಾರಾಳವಾಗಿ ಹರಿಯುತ್ತಿದ್ದ ಕರೆಂಟು, ಮೈಕ್ರೋವೇವ್ ಆವರ್ತನಕ್ಕೆ ಹೋದೊಡನೆ ಕುಸಿಯುತ್ತಿತ್ತು. ಮೇಲ್ಮೈಯ ದೋಷಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಅಷ್ಟು ಬೇಗ ಬಿಡಿಸಿಕೊಂಡು ಬರಲಾರದೆ, ಕೆಳಗಿನ ಹರಿವಿಗೆ ತಡೆಯೊಡ್ಡುತ್ತಿದ್ದವು. ಸಿಲಿಕಾನ್ ನೈಟ್ರೈಡ್ ಲೇಪನವು 2000ದ ಹೊತ್ತಿಗೆ ಇದನ್ನು ಬಹುಮಟ್ಟಿಗೆ ಹತೋಟಿಗೆ ತಂದಿತು. ಹರಿವನ್ನು ನಿಯಂತ್ರಿಸುವ ಗೇಟಿನ ಅಂಚಿನ ವಿದ್ಯುತ್ ಕ್ಷೇತ್ರವನ್ನು ಹಂಚಿ ಹರಡುವ ಲೋಹದ ಫಲಕ ಆಮೇಲೆ ಬಂತು. ಉಮೇಶ್ ಮಿಶ್ರಾ ಅವರ ಸಾಂತಾ ಬಾರ್ಬರಾ ತಂಡ 1996ರಲ್ಲಿ ಗೇಟಿನ ಪ್ರತಿ ಮಿಲಿಮೀಟರ್ ಅಗಲಕ್ಕೆ ಪಡೆದ ಮೈಕ್ರೋವೇವ್ ಶಕ್ತಿ ಸುಮಾರು 1.1 ವ್ಯಾಟ್, 2004ಕ್ಕೆ ಅದು 30 ದಾಟಿತ್ತು. ಇಷ್ಟು ಕಾವನ್ನು ಹೊರಹಾಕಲು ಸಫೈರ್ ಸಾಲದು, ದುಬಾರಿಯಾದರೂ ಸಿಲಿಕಾನ್ ಕಾರ್ಬೈಡ್ ಬಿಲ್ಲೆಯೇ ಬೇಕು. ಆ ಖರ್ಚನ್ನು ಮೊದಮೊದಲು ಹೊತ್ತದ್ದು ರೇಡಾರಿಗಾಗಿ ಹಣ ಸುರಿದ ಅಮೆರಿಕದ ರಕ್ಷಣಾ ಇಲಾಖೆ. ದೂರಸಂಪರ್ಕಕ್ಕೆ ಈ ವಸ್ತು ಅರ್ಧ ಹಾದಿ ಸವೆಸಿಯೇ ದಕ್ಕಿತು ಎನ್ನಬೇಕು.

ಟವರುಗಳಲ್ಲಿ ಅಲ್ಲಿಯವರೆಗೆ 28 ವೋಲ್ಟಿನ ಸಿಲಿಕಾನ್ ಎಲ್‌ಡಿಮಾಸ್ ಟ್ರಾನ್ಸಿಸ್ಟರುಗಳದೇ ರಾಜ್ಯಭಾರ. ಗ್ಯಾಲಿಯಂ ನೈಟ್ರೈಡ್ 50 ವೋಲ್ಟಿನ ಆಸುಪಾಸಿನಲ್ಲಿ ನಡೆಯುತ್ತದೆ; ಆವರ್ತನ ಏರಿದಾಗ ಸಿಲಿಕಾನಿನಷ್ಟು ದಕ್ಷತೆ ಕಳೆದುಕೊಳ್ಳುವುದಿಲ್ಲ. 5ಜಿ ಸೇವೆ 3.5 ಗಿಗಾಹರ್ಟ್ಸ್ ಸುತ್ತಿನ ತರಂಗಗಳಿಗೆ ಏರಿದಾಗ ಈ ಗುಣ ಬೆಲೆಬಾಳಿತು. ಭಾರತ 2022ರಲ್ಲಿ ಹರಾಜು ಹಾಕಿದ ತರಂಗಗುಚ್ಛಗಳಲ್ಲಿ 3,300 ಮೆಗಾಹರ್ಟ್ಸಿನದೂ ಒಂದು. ಕೈಫೋನಿನ ಬ್ಯಾಟರಿಗೆ ಅಷ್ಟು ವೋಲ್ಟೇಜಿಲ್ಲದ್ದರಿಂದ ಅಲ್ಲಿ ಗ್ಯಾಲಿಯಂ ಆರ್ಸೆನೈಡೇ ಉಳಿದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ಯಾಲಿಯಂ ನೈಟ್ರೈಡಿನ ಹರಳು ಬೆಳೆಸುವುದರಿಂದ ಹಿಡಿದು ಟ್ರಾನ್ಸಿಸ್ಟರ್ ತಯಾರಿಕೆಯವರೆಗೆ ಸಂಶೋಧನೆ ನಡೆದಿದೆ. ಇನ್ನು ಇದರ ಕಚ್ಚಾವಸ್ತುವಾದ ಗ್ಯಾಲಿಯಂ ಮುಖ್ಯವಾಗಿ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವಾಗ ಸಿಗುವ ಉಪೋತ್ಪನ್ನ. ಅದರ ಬಹುಪಾಲು ಉತ್ಪಾದನೆ ಚೀನಾದ್ದೇ. 2023ರ ಆಗಸ್ಟಿನಿಂದ ಅಲ್ಲಿ ರಫ್ತಿಗೆ ಪರವಾನಗಿ ಕಡ್ಡಾಯ.